ಕನ್ನಡ ಬಲ್ಲ ಇಂಟರ್ನ್

ಎಂಬಿಎ ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ನನಗೆ ಸಂಭಾಜಿನಗರದ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ವಾಹನಗಳ ಬಿಡಿಭಾಗ ಮಾಡುವ ದೊಡ್ಡ ಕಂಪನಿ. ನಾಸಿಕ್‌ನ ನಮ್ಮ ಕಾಲೇಜಿನಿಂದ ಅಲ್ಲಿನ ಕಾರ್ಪೊರೇಟ್ ಫೈನಾನ್ಸ್ ವಿಭಾಗಕ್ಕೆ ಆಯ್ಕೆಯಾದವಳು ನಾನೊಬ್ಬಳೇ. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಫಿಟರ್ ಆಗಿರುವ ಅಪ್ಪ, ತಮ್ಮ ಶಿಫ್ಟಿನವರಿಗೆಲ್ಲ ಪೇಡೆ ಹಂಚಿದರು.

ಮೊದಲ ಕೆಲವು ವಾರ ಬೇರೆಯವರ ಸ್ಲೈಡುಗಳಲ್ಲಿ ಅಕ್ಷರದ ಗಾತ್ರ ಸರಿಮಾಡುವುದೇ ನನ್ನ ಕೆಲಸವಾಗಿತ್ತು. ಕೊನೆಗೊಂದು ದಿನ ವಿಭಾಗದ ಮುಖ್ಯಸ್ಥರು ನಿಜವಾದ ಕೆಲಸ ಕೊಟ್ಟರು. ನಾಸಿಕ್‌ನ ಅಂಬಡ್‌ನಲ್ಲಿದ್ದ ಒಂದು ಸಣ್ಣ ಕಾರ್ಖಾನೆಯನ್ನು ಕಂಪನಿ ಕೊಳ್ಳಲು ಹೊರಟಿತ್ತು. ಅದಕ್ಕೆ ಎಷ್ಟು ಬೆಲೆ ಕಟ್ಟಬಹುದು ಎಂಬ ಲೆಕ್ಕವನ್ನು ನಾನು ಮಾಡಬೇಕಿತ್ತು. ಪಿ.ಜಿ. ರೂಮಿನ ಮಂಚದ ಮೇಲೆ ಕೂತು, ಮೆಸ್ಸಿನ ಡಬ್ಬಿ ತೆರೆಯುವುದನ್ನೂ ಮರೆತು ಮಾಡಿದೆ. ಸರ್ ನೋಡಿ ಮರಾಠಿಯಲ್ಲಿ "ಠೀಕ್ ಆಹೆ", ಪರವಾಗಿಲ್ಲ, ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾರೂ ಕೇಳಿರಲಿಲ್ಲ. "ನಾಳೆ ಅಂಬಡ್‌ನಲ್ಲಿ ಮಾತುಕತೆ ಇದೆ. ನೀನೂ ಬಾ" ಎಂದಾಗ ನನ್ನ ಜೊತೆಗಿದ್ದ ಪುಣೆಯ ಇಂಟರ್ನ್ ಮುಖ ಸಣ್ಣದು ಮಾಡಿಕೊಂಡ. ನಾನು ಹಿಗ್ಗಿ ಹೋದೆ.

ಕಾರು ವೈಜಾಪುರ ದಾಟಿದ ಮೇಲೆ ಸರ್ ಮರಾಠಿಯಲ್ಲಿ ಕೇಳಿದರು, "ನೀನು ಕಾನಡಿ ಅಲ್ವಾ?"

"ಹೌದು ಸರ್." ಕನ್ನಡದವರನ್ನು ಮರಾಠಿಗರು ಕರೆಯುವುದು ಹಾಗೆ.

"ಆ ಕಾರ್ಖಾನೆಯವರೂ ಕಾನಡಿಯವರೇ. ಬೀದರ್ ಕಡೆಯ ಅಣ್ಣ ತಮ್ಮ. ಬೆಲೆಯ ಮಾತು ಬಂತು ಅಂದ್ರೆ ಅವರವರಲ್ಲೇ ಕಾನಡಿ ಶುರು ಮಾಡ್ತಾರೆ. ನೀನು ಲ್ಯಾಪ್‌ಟಾಪ್ ನೋಡ್ತಾ ಕೂತಿರು. ಕಿವಿಗೆ ಬಿದ್ದದ್ದನ್ನ ನನಗೆ ಮೆಸೇಜ್ ಮಾಡು. ಭಾಷೆ ಬರುತ್ತೆ ಅಂತ ಮಾತ್ರ ತೋರಿಸ್ಕೋಬೇಡ."

"ಮತ್ತೆ ನಾನು ಮಾಡಿದ ಲೆಕ್ಕ, ಸರ್?"

"ಅದು ಇರಲಿ ಬಿಡು."

ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಮರಾಠಿಯಲ್ಲಿ ಉತ್ತರಿಸಿ ಬೆಳೆದವಳು. ಕಂಪನಿಗೆ ಬೇಕಾಗಿದ್ದದ್ದು ನಾನು ಓದಿದ ವಿದ್ಯೆಯಲ್ಲ, ಆ ಅರೆಬರೆ ಭಾಷೆ ಎಂದು ಆಗ ತಿಳಿಯಿತು.

ಕಾರ್ಖಾನೆಯ ಆಫೀಸು ಅಟ್ಟದ ಮೇಲಿತ್ತು. ಕೆಳಗೆ ಪ್ರೆಸ್ ಯಂತ್ರಗಳು ಬಡಿಯುತ್ತಿದ್ದವು. ಹಣೆಗೆ ವಿಭೂತಿ ಹಚ್ಚಿದ್ದ ಅಣ್ಣನಿಗೆ ನನ್ನ ಅಪ್ಪನಿಗಿಂತ ಹೆಚ್ಚು ವಯಸ್ಸು. ಮೆಟ್ಟಿಲು ಹತ್ತಿ ಬಂದ ಅವರ ಏದುಸಿರು ಚಹಾ ಬಂದರೂ ನಿಂತಿರಲಿಲ್ಲ. ಸರ್ ಹೇಳಿದ ಬೆಲೆ ಕೇಳಿ ನನಗೇ ನಾಚಿಕೆಯಾಯಿತು. ನನ್ನ ಲೆಕ್ಕ ಹೇಳಿದ್ದಕ್ಕಿಂತ ಅದು ಬಹಳ ಕಡಿಮೆ.

ಅಣ್ಣ ತಮ್ಮನ ಕಡೆ ತಿರುಗಿದರು. "ಇಷ್ಟಕ್ಕ ಹ್ಯಾಂಗ ಕೊಡಲಿಕ್ಕಿ ಬರ್ತದೋ?"

"ಅಣ್ಣಾ, ಆಪರೇಷನ್ ಆದಮ್ಯಾಲ ನಿಮಗ ಆಗವಲ್ದು. ನನಗೊಬ್ಬಂಗ ಇದು ನಡಸ್ಲಿಕ್ಕಿ ಆಗಂಗಿಲ್ಲ. ಇವರು ಹೋದ್ರ ಮತ್ತ ಯಾರೂ ಬರಂಗಿಲ್ರಿ. ಕಡೀಕ ನಾವು..."

ಮುಂದಿನ ಮಾತಿನಲ್ಲಿ ಆ ತಮ್ಮ, ತಾವು ಒಪ್ಪಬಹುದಾದ ಕೊನೆಯ ಬೆಲೆ ಹೇಳಲಿದ್ದರು. ಸರ್ ಮೊಬೈಲ್ ಕೈಗೆತ್ತಿಕೊಂಡು ನನ್ನತ್ತ ನೋಡಿದರು.

"ಕಾಕಾ, ನನಗ ಕನ್ನಡ ತಿಳೀತದರಿ" ಎಂದುಬಿಟ್ಟೆ.

ತಮ್ಮನ ಬಾಯಿ ಅಲ್ಲಿಗೇ ಮುಚ್ಚಿತು. ಅಣ್ಣ ನನ್ನನ್ನು ದಿಟ್ಟಿಸಿದರು. "ಯಾವೂರವ್ವಾ ನಿಂದು?"

"ಭಾಲ್ಕಿ ಕಡೀರಿ. ಅಪ್ಪ ಓಝರ್‌ದಾಗ ಅದಾರ."

"ಮತ್ತ ಇಷ್ಟೊತ್ತು ಯಾಕ ಸುಮ್ನ ಕುಂತಿದ್ದಿ?"

ಹೇಳಲು ಬೇಕಾದದ್ದೆಲ್ಲ ನನ್ನೊಳಗೆ ಮರಾಠಿಯಲ್ಲಿತ್ತು. ಅದನ್ನು ಸರ್ ಎದುರು ಹೇಳುವ ಹಾಗಿರಲಿಲ್ಲ. ಕನ್ನಡದಲ್ಲಿ ಒಂದು ವಾಕ್ಯವೂ ಕೂಡಿಬರಲಿಲ್ಲ. ನನ್ನ ಮೌನಕ್ಕೆ ಅವರು ತಮಗೆ ತೋಚಿದ ಅರ್ಥ ಹಚ್ಚಿಕೊಂಡರು. "ನಮ್ಮ ಮಂದೀನ ಮುಂದ ಕುಂದರ್ಸಿ ನಮ್ಮ ಮಾತು ಕೇಳ್ತಾರ ನೋಡು" ಎಂದು ತಮ್ಮನಿಗೆ ಹೇಳಿ, ಸರ್ ಕಡೆ ತಿರುಗಿ ಹಿಂದಿಯಲ್ಲಿ ಇನ್ನೊಂದು ದಿನ ಕೂಡೋಣ ಎಂದರು. ನಾವು ಏಳುವಾಗ ಅವರು ನನ್ನತ್ತ ನೋಡಲಿಲ್ಲ.

ಸರ್ ಬೈಯುತ್ತಾರೆ ಎಂದುಕೊಂಡಿದ್ದೆ. ವಾಪಸ್ ಬರುವಾಗ ಯೇವಲಾ ಊರು ಬರುವವರೆಗೂ ಫೋನಿನಲ್ಲಿ ಮುಳುಗಿದ್ದರು. ಆಮೇಲೆ ತಣ್ಣಗೆ, "ಮನೆಯವರು ಸಂಸ್ಕಾರ ಚೆನ್ನಾಗಿ ಕೊಟ್ಟಿದ್ದಾರೆ. ಆದರೆ ಈ ಲೈನು ನಿನಗಲ್ಲ" ಎಂದರು.

ಮರುದಿನದಿಂದ ಹಳೆಯ ಬಿಲ್ಲುಗಳನ್ನು ಸ್ಕ್ಯಾನ್ ಮಾಡಲು ಕೂರಿಸಿದರು. ನನ್ನ ಲೆಕ್ಕದ ಫೈಲು ಪುಣೆಯ ಹುಡುಗನ ಕೈಗೆ ಹೋಯಿತು. ನೌಕರಿಯ ಆಫರೂ ಅವನಿಗೇ ಬಂತು. ಇಂಟರ್ನ್‌ಶಿಪ್ ಮುಗಿಸಿ ಮನೆಗೆ ಹೋದಾಗ ನಡೆದದ್ದನ್ನು ಹೇಳಿದೆ. ಅಪ್ಪ ಭೇಷ್ ಎನ್ನಬಹುದು ಎಂಬ ಆಸೆಯಿತ್ತು.

"ನಿನಗ ಯಾರು ಕೇಳಿದ್ರು? ಸುಮ್ನ ಕುಂದರ್ಲಿಕ್ಕಿ ಏನಾಗಿತ್ತು?" ಎಂದು ತಟ್ಟೆ ಸರಿಸಿ ಎದ್ದರು.

ದೀಪಾವಳಿಯ ಹೊತ್ತಿಗೆ ಆ ಕಾರ್ಖಾನೆಯ ಗೇಟಿನ ಮೇಲೆ ನಾನಿದ್ದ ಕಂಪನಿಯ ಬೋರ್ಡು ಬಂತು. ಸರ್ ಮೊದಲು ಹೇಳಿದ ಬೆಲೆಗೇ ಕೊಂಡರಂತೆ. ಕೊನೆಯ ಬೆಲೆ ಎಷ್ಟು ಎಂದು ಯಾರೂ ಕದ್ದು ಕೇಳುವ ಅಗತ್ಯವೇ ಇರಲಿಲ್ಲ. ಆ ಅಣ್ಣನ ಏದುಸಿರು ಸರ್‌ಗೂ ಕೇಳಿಸಿತ್ತಲ್ಲ.

ಕಾಲೇಜಿನ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಇಂಟರ್ನ್‌ಶಿಪ್‌ನಲ್ಲಿ ಏನು ಕಲಿತೆ ಎಂದು ಕೇಳಿದರು. ಒಂದು ಕಂಪನಿಯ ಮುಂದಿನ ಗಳಿಕೆಯನ್ನು ಇಂದಿನ ಬೆಲೆಗೆ ಇಳಿಸುವ ಸೂತ್ರವನ್ನು ತಡವರಿಸದೆ ಹೇಳಿದೆ. ಅವರು ಸಂತೋಷದಿಂದ ತಲೆದೂಗಿ, ಮುಂದಿನ ವಿದ್ಯಾರ್ಥಿಯನ್ನು ಕಳಿಸು ಎಂದರು.