ಹತ್ತಿಯೆಂದು ಹೊಲಿದ ಮೇಲಂಗಿ

ನಾನು ಹತ್ತಿಯೆಂದು ಹೊಲಿದುಕೊಟ್ಟ ಬಟ್ಟೆಯ ಚೂರು ಬೆಂಕಿ ತಗುಲಿದ್ದೇ ಕರಗಿ, ತುದಿಯಲ್ಲಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಹತ್ತಿ ಕರಗುವುದಿಲ್ಲ. ಅಷ್ಟಾದರೂ ಗೊತ್ತಿರಬೇಕಾದವಳು ನಾನು, ಬೆಟಗೇರಿಯ ನೇಕಾರರ ಮಗಳು.

ಗಂಡನಿಗೆ ಯಲ್ಲಾಪುರದ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿ, ನಾವು ಬಂದು ಎರಡು ತಿಂಗಳಾಗಿತ್ತು. ನಮ್ಮ ಬೆಟಗೇರಿಯಲ್ಲಿ ಬೆಳಿಗ್ಗೆ ಹರವಿದ ಹತ್ತಿ ಸೀರೆ ಮಧ್ಯಾಹ್ನಕ್ಕೆ ಗರಿಗರಿ. ಇಲ್ಲಿ ಮಳೆಗಾಲದಲ್ಲಿ ಮೂರು ದಿನವಾದರೂ ಹಸಿ, ಆಮೇಲೆ ಬೂಷ್ಟು. ಅದಕ್ಕೇ ಜನ ಬೇಗ ಒಣಗುವ ಪಾಲಿಯೆಸ್ಟರ್ ಕೇಳುತ್ತಾರೆ, ಇಲ್ಲವೇ ಅದಕ್ಕೆ ಹತ್ತಿ ಬೆರೆಸಿದ ಟೆರಿಕಾಟ್. ನಾನು ಸೇರಿದ ಹೊಲಿಗೆ ಅಂಗಡಿಯ ಒಡತಿ ಶಮೀಮಕ್ಕ ಬಟ್ಟೆಯ ಗುರುತು ಕಲಿಸುತ್ತೇನೆ ಎಂದಾಗ, ನನ್ನ ಬೆರಳಿಗೇ ಗೊತ್ತಾಗುತ್ತದೆ ಎಂದು ಬೀಗಿದ್ದೆ.

ಆದರೂ ಅವರು ಆ ಬೆಳಿಗ್ಗೆ ಬೆಂಕಿಪೆಟ್ಟಿಗೆ ಹಿಡಿದು ಕೂತರು. ಹತ್ತಿ ಸುಟ್ಟರೆ ಕಾಗದದ ವಾಸನೆ, ಪುಡಿ ಬೂದಿ. ರೇಷ್ಮೆ, ಉಣ್ಣೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗುತ್ತದೆ. ಆಮೇಲೆ ಕೈಗೆ ಬಂದದ್ದೇ ಗಂಗಕ್ಕನ ಮೇಲಂಗಿ ಕತ್ತರಿಸಿ ಉಳಿದಿದ್ದ ಚೂರು.

ಗಂಗಕ್ಕ ಸಮಾರಂಭಗಳಲ್ಲಿ ಹೋಳಿಗೆ ಬೇಯಿಸುವವರು. ಸೌದೆ ಒಲೆಯೆದುರು ಕೂರುವುದರಿಂದ ಹತ್ತಿಯದೇ ಬೇಕೆಂದು ಒತ್ತಿ ಹೇಳಿದ್ದರು. ಮುಟ್ಟಿದರೆ ಮೆತ್ತಗಿದೆಯೆಂದು ಆ ಬಟ್ಟೆ ಆರಿಸಿದ್ದು ನಾನೇ. ಹಿಂದಿನ ದಿನವಷ್ಟೇ ಒಯ್ದಿದ್ದರು. ಅವತ್ತು ಉಮ್ಮಚಗಿಯಲ್ಲಿ ಸೀಮಂತದ ಅಡುಗೆ. ಫೋನ್ ಮಾಡಿದೆವು, ಎತ್ತಲಿಲ್ಲ.

"ಬೆಂಕಿ ಹಿಡಿದ್ರೆ ಕರಗಿ ಮೈಗೆ ಅಂಟ್ತದೆ. ನೀನೇ ಹೋಗು," ಎಂದರು ಶಮೀಮಕ್ಕ.

ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಪ್ರತಿ ಸಲವೂ ನನಗೆ ಇಳಿದು ಓಡಿಬಿಡೋಣ ಅನ್ನಿಸುತ್ತಿತ್ತು. ಮನೆ ಕೇಳಿಕೊಂಡು ಹಿತ್ತಿಲಿಗೆ ನುಗ್ಗಿದರೆ, ಗಂಗಕ್ಕ ಅದನ್ನೇ ತೊಟ್ಟು ಕಾವಲಿಯ ಮೇಲೆ ಬಗ್ಗಿದ್ದರು.

"ಗಂಗಕ್ಕಾರ, ಅದನ್ನ ತಗೀರಿ. ಹತ್ತಿ ಅಲ್ಲರಿ ಅದು. ತಪ್ಪು ನಂದ."

ಅವರು ಹಿಂದೆ ಸರಿದು ಕಳಚಿದರು. ತೋಳಿನ ಅಂಚಿನಲ್ಲಿ ಕಿಡಿ ಬಿದ್ದು ಕಡಲೆಯಷ್ಟು ತೂತು. ಕೆಳಗೆ ಮಣಿಕಟ್ಟಿನಲ್ಲಿ ಒಂದು ಬೊಬ್ಬೆ. ತುಪ್ಪ ಸಿಡಿದದ್ದೆಂದು ತಿಳಿದಿದ್ದರಂತೆ. ಬೈಗುಳಕ್ಕೆ ಕಾದೆ. ಅವರು ತೂತಿನ ಗಟ್ಟಿಯಾದ ಅಂಚನ್ನು ಬೆರಳಿನಿಂದ ಸವರಿ ನೋಡಿದರು.

"ನೀ ಬರದೇ ಇದ್ದಿದ್ರೆ ಯಂಗೆ ಎಂತ ಗೊತ್ತಾಗ್ತಿತ್ತು?" ಎಂದರು. "ಇನ್ನೊಂದು ಹೊಲಿ. ಸುಟ್ಟು ನೋಡಿ ಹೊಲಿ."

ಸಂಜೆ ಅಪ್ಪನಿಗೆ ಫೋನ್ ಮಾಡಿ, ದಪ್ಪ ಹತ್ತಿ ಬಟ್ಟೆಯನ್ನು ಬಸ್ಸಿಗೆ ಹಾಕಿ ಕಳಿಸು ಎಂದೆ.

"ಬಸ್ಸಿಗ್ಯಾಕ? ಪಂಚಮಿಗೆ ನೀನ ಬರ್ತಿಯಲ್ಲ," ಎಂದ.

ಹಬ್ಬದ ಹೊತ್ತಿಗೆ ನಮ್ಮ ಅಂಗಡಿಯಲ್ಲಿ ಕೆಲಸ ಬಹಳ ಎಂದೆ. 'ನಮ್ಮ' ಅಂದದ್ದು ನನಗೂ ಕೇಳಿಸಿತು, ಅವನಿಗೂ. ಅವನ ಹಿಂದೆ ಮಗ್ಗದ ಸದ್ದು ನಡೆದೇ ಇತ್ತು. ಬರುತ್ತೇನೆ ಎನ್ನಲಾಗದೆ, ಫೋನ್ ಇಡಲೂ ಆಗದೆ, ಅದನ್ನೇ ಕೇಳುತ್ತ ನಿಂತೆ.