ಬರಗೂರಿನಿಂದ ಅಲೆ ಓದುವ ಆಂಜಿನಮ್ಮ

ಬರಗೂರಿನ ಬಸ್‌ಸ್ಟ್ಯಾಂಡ್ ಎದುರು ಆಂಜಿನಮ್ಮನ ಹೋಟೆಲ್ ಇದೆ. ನಾಲ್ಕು ಬೆಂಚು, ಒಂದು ಇಡ್ಲಿ ಪಾತ್ರೆ, ಗಲ್ಲಾದಲ್ಲಿ ಗಂಡ ತಿಪ್ಪೇರುದ್ರ. ಶಿರಾಕ್ಕೆ ಹೋಗುವ ಮೊದಲ ಬಸ್ಸಿನವರಿಗೆ ಆರಕ್ಕೆ ಮೊದಲೇ ತಿಂಡಿ ಬೇಕು. ಆಕೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚುತ್ತಾಳೆ. ಮೊದಲ ಒಬ್ಬೆ ಇಡ್ಲಿ ಬೇಯುವಷ್ಟರಲ್ಲಿ ಮೊಬೈಲ್ ತೆಗೆದು ಇವತ್ತು ಸಮುದ್ರ ಹೇಗಿದೆ ಎಂದು ನೋಡುತ್ತಾಳೆ. ಎರಡು ವರ್ಷ ಹೀಗೆ ನೋಡಿದ ಮೇಲೂ ಸಮುದ್ರವನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಇದಕ್ಕೆ ಕಾರಣ ಮಗಳು ಮಧುಶ್ರೀ. ದೈಹಿಕ ಶಿಕ್ಷಣ ಓದುತ್ತಿದ್ದಾಗ ಕಾಲೇಜಿನ ಶಿಬಿರಕ್ಕೆಂದು ಹೊನ್ನಾವರದ ಕಡೆ ಹೋದವಳು, ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರುವವರನ್ನು ಕಂಡಳು. ತಾನೂ ಕಲಿತಳು. ಓದು ಮುಗಿದ ಮೇಲೆ ಅಲ್ಲಿಯ ಸರ್ಫಿಂಗ್ ಶಾಲೆಯಲ್ಲೇ ಹೇಳಿಕೊಡುವ ಕೆಲಸಕ್ಕೆ ಸೇರಿದಳು. ಆ ದಡದ ತೆಂಕಣ ತುದಿಯಲ್ಲಿ ಬಂಡೆಗುಡ್ಡವೊಂದು ಕಡಲೊಳಕ್ಕೆ ಮೂಗು ಚಾಚಿದೆ. ಅಲೆ ಅಲ್ಲಿ ಒಡೆಯಲು ಶುರುವಾದರೆ, ಮಡಿಸಿದ ಸೀರೆಯನ್ನು ಹಾಸಿದಂತೆ, ದಡದುದ್ದಕ್ಕೂ ಬಿಚ್ಚಿಕೊಂಡು ಹೋಗುತ್ತದೆ. ಅದನ್ನು ಹಿಡಿದವರು ಎಡಕ್ಕೆ ಸಾಗಬೇಕು. ಹಾಗಾಗಿ ಅದಕ್ಕೆ ಎಡದಲೆ ಎಂದೇ ಹೆಸರು.

ಗುಡ್ಡದ ಮರೆಯಲ್ಲಿದ್ದ ಮಧುಶ್ರೀಯ ಕೋಣೆಯಲ್ಲಿ ಫೋನ್ ಮಾತು ಕೇಳುತ್ತಿತ್ತು, ಇಂಟರ್ನೆಟ್ ಬರುತ್ತಿರಲಿಲ್ಲ.

“ಅಮ್ಮ, ನೀನೆಂಗೂ ಬೇಗ ಏಳ್ತೀಯ. ಮೂರೇ ಸಂಗ್ತಿ ನೋಡಿ ಹೇಳು ಸಾಕು,” ಎಂದಳು ಮಗಳು. “ಅಲೆ ಎಷ್ಟಡಿ, ಒಂದಲೆಗೂ ಇನ್ನೊಂದಲೆಗೂ ಎಷ್ಟು ಸೆಕೆಂಡು, ಗಾಳಿ ಯಾವ ಕಡೆಯಿಂದ.”

ಏಳನೇ ಕ್ಲಾಸಿನವರೆಗೆ ಓದಿದ್ದ ಆಂಜಿನಮ್ಮನಿಗೆ ಅಂಕಿ ಕಷ್ಟವಾಗಲಿಲ್ಲ. ಗಾಳಿಯಂತೂ ಗೊತ್ತಿದ್ದದ್ದೇ. ಬೆಳಿಗ್ಗೆ ಮೂಡಲ ಗಾಳಿಯಿದ್ದರೆ ಅಲೆಯ ಮುಖ ನುಣ್ಣಗಿರುತ್ತದೆ, ಮಧ್ಯಾಹ್ನ ಪಡುವಲ ಗಾಳಿ ಎದ್ದರೆ ಎಲ್ಲ ಕಲಸಿಹೋಗುತ್ತದೆ ಎಂದು ಮಗಳು ವಿವರಿಸಿದಾಗ, “ರಾಗಿ ತೂರೋಕೂ ಇಂಗೇ ಕಣಮ್ಮ. ಗಾಳಿ ನೋಡ್ದೆ ಮೊರ ಎತ್ತಂಗಿಲ್ಲ,” ಎಂದಳು.

ಸಂಜೆ ಮತ್ತೆ ಫೋನ್ ಮಾಡಿ, “ನಾನೇಳ್ದಂಗೆ ಬಂತಾ?” ಎಂದು ಕೇಳುವುದು ಅಭ್ಯಾಸವಾಯಿತು. ತಿಪ್ಪೇರುದ್ರ ಗಿರಾಕಿಗಳ ಮುಂದೆ, “ನಮ್ಮವಳು ಇಲ್ಲಿಂದಾನೇ ಸಮುದ್ರ ಕಾಯ್ತಾಳೆ,” ಎಂದು ನಗುತ್ತಿದ್ದ.

ಮೊದಲ ವರ್ಷ ಒಂದು ದಿನ ಅಲೆಗಳ ನಡುವೆ ಹದಿನಾಲ್ಕು ಸೆಕೆಂಡು ಎಂದಿತ್ತು. ಎತ್ತರ ಎರಡೇ ಅಡಿ. ಆಂಜಿನಮ್ಮ ಓದಿ ಹೇಳಿದಳು, ಇಬ್ಬರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅವತ್ತು ಅಲೆ ಎತ್ತಿ ಒಗೆದು, ಸಂಜೆ ಹೊತ್ತಿಗೆ ಮಧುಶ್ರೀಯ ಹುಬ್ಬಿಗೆ ಮೂರು ಹೊಲಿಗೆ ಬಿದ್ದಿತ್ತು. “ಅಂತರ ಜಾಸ್ತಿ ಇದ್ರೆ ಬೋ ದೂರದಿಂದ ಬಂದಿರೋ ಅಲೆ ಅಂತ ಅಮ್ಮ. ಎತ್ತರ ಕಮ್ಮಿ ಇದ್ರೂ ಒಳಗೆ ಕಸುವಿರ್ತದೆ,” ಎಂದಳು ಆಮೇಲೆ. ಆಂಜಿನಮ್ಮ ಆ ಮಾತನ್ನು ಮರೆಯಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಆಕೆ ಫೋನ್ ಮಾಡಿದಳು.

“ಮೂರಡಿ. ಗಾಳಿ ಮೂಡಲದು, ಮೆಲ್ಲಗೈತೆ. ಮಧ್ಯೆ ಹದಿನೇಳು.”

“ಏಳಾ?”

“ಹದಿನೇಳು. ನೆನ್ನೆ ಒಂಬತ್ತಿತ್ತು. ಎರಡು ಸಲ ನೋಡ್ದೆ.”

ಮಧುಶ್ರೀ ಬಾಗಿಲು ತೆಗೆದು ಹೊರಗೆ ನೋಡಿದಳು. “ಇಲ್ಲಿ ನೀರು ಕೆರೆ ಇದ್ದಂಗೈತೆ ಕಣಮ್ಮ. ತುಮಕೂರಿಂದ ಇಪ್ಪತ್ತು ಮಕ್ಳು ಬಂದವೆ. ಅವುಕ್ಕೆ ಇವತ್ತೇ ಕಡೇ ದಿನ.”

“ಕಡೇ ದಿನ ಅಂತ ನೀರಿಗೆ ಗೊತ್ತಾ? ನಿನ್ನ ಹುಬ್ಬು ಮುಟ್ಟಿ ನೋಡ್ಕೋ.”

ಮಗಳು ಹುಬ್ಬಿನ ಮೇಲೆ ಬೆರಳಾಡಿಸಿ, “ಆಯ್ತು,” ಎಂದಳು.

ಅವತ್ತು ಸಾಂಬಾರಿಗೆ ಉಪ್ಪು ಬೀಳಲಿಲ್ಲ. ತಿಪ್ಪೇರುದ್ರ ರುಚಿ ನೋಡಿ ತಾನೇ ಹಾಕಿದ.

ಅತ್ತ ಮಧುಶ್ರೀ ಮಕ್ಕಳನ್ನು ಮರಳಿನ ಮೇಲೆ ಕೂರಿಸಿ ಗುಡ್ಡ ಹತ್ತಿ ನಿಂತಳು. ಅರ್ಧ ಗಂಟೆ ಏನೂ ಇಲ್ಲ. ಮಕ್ಕಳು ಗೊಣಗಿದರು, ಶಾಲೆಯ ಮಾಲೀಕರು ಗಡಿಯಾರ ನೋಡಿಕೊಂಡರು. ಅವಳಿಗೇ ಅನುಮಾನ ಬರತೊಡಗಿದಾಗ ದೂರದಲ್ಲಿ ನೀರಿನ ಮೇಲೆ ಮೂರು ಕಪ್ಪು ಗೆರೆಗಳು ಕಂಡವು. ಮೊದಲನೆಯದು ಬಂಡೆಯ ಮೂಗನ್ನು ಮುಳುಗಿಸಿತು. ಎರಡನೆಯದು ಹಿಂದಿನ ದಿನ ಮಕ್ಕಳು ನಿಂತು ಕಲಿತಿದ್ದ ಜಾಗವನ್ನು ಗುಡಿಸಿಕೊಂಡು ಬಂದು, ದಡದಲ್ಲಿದ್ದ ಎರಡು ಹಲಗೆಗಳನ್ನು ಎಳೆದುಕೊಂಡು ಹೋಯಿತು. ಮಧುಶ್ರೀ ಕೂಗುತ್ತ ಇಳಿದು ಬಂದು ಮಕ್ಕಳನ್ನು ತೆಂಗಿನ ತೋಟದವರೆಗೂ ಓಡಿಸಿದಳು.

ಹತ್ತೂವರೆಗೆ ಫೋನ್ ಬಂತು.

“ಅಮ್ಮ, ಬಂತು,” ಎಂದಳು ಮಧುಶ್ರೀ.

“ಮಕ್ಳು?”

“ತೋಟದಾಗೆ ಕಬಡ್ಡಿ ಆಡ್ತಾವೆ.”

ಆಂಜಿನಮ್ಮ ಫೋನ್ ಇಟ್ಟು ಬೆಂಚಿನ ಮೇಲೆ ಕೂತುಬಿಟ್ಟಳು. ತಿಪ್ಪೇರುದ್ರ ಒಂದು ಲೋಟ ಟೀ ತಂದು ಕೈಗೆ ಕೊಟ್ಟ. “ಹೋಗಿ ನೋಡ್ಕೊಂಡು ಬರಾನ ಬಾ,” ಎಂದ. ಮದುವೆಯಾದಾಗಿನಿಂದ ಹೋಟೆಲ್ ಎರಡು ದಿನ ಒಟ್ಟಿಗೆ ಮುಚ್ಚಿದ್ದಿಲ್ಲ. ಮುಂದಿನ ವಾರ ಮುಚ್ಚಿದರು.

ಅವರು ಹೋದಾಗ ಕಡಲು ಸಣ್ಣಗಿತ್ತು. ಮಧುಶ್ರೀ ಗುಡ್ಡದ ಮೂಗಿನ ಹತ್ತಿರ ಅಲೆ ಹಿಡಿದು, ಮಂಡಿ ಬಾಗಿಸಿ, ದಡದುದ್ದಕ್ಕೂ ಜಾರಿ ಬಂದಳು. ಆಂಜಿನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. ಮಗಳು ನೀರಿಳಿಸುತ್ತ ಹತ್ತಿರ ಬಂದಾಗ ಕೇಳಿದಳು:

“ಎಡಕ್ಕೆ ಅಂತಿದ್ದೆ. ನೀನು ಬಲಕ್ಕೆ ಹೋದ್ಯಲ್ಲಾ?”

“ನೀನು ದಡದಿಂದ ನೋಡ್ತೀಯ ಅಮ್ಮ. ನಾನು ನೀರಿಂದ ನಿನ್ನ ಕಡೆ ನೋಡ್ಕೊಂಡು ಬತ್ತೀನಿ.”

ಆಂಜಿನಮ್ಮ ಕಡಲಿಗೆ ಬೆನ್ನು ಮಾಡಿ ನಿಂತು ಎಡಗೈ ಚಾಚಿ ನೋಡಿದಳು. ಆಮೇಲೆ ಮಗಳ ಕೈ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದಳು. ಮೂರನೇ ಅಲೆಗೆ ಆಯ ತಪ್ಪಿ ನೀರಲ್ಲೇ ಕೂತು ಪೂರ್ತಿ ನೆನೆದಳು. ಏಳು ಎಂದರೂ ಏಳಲಿಲ್ಲ.

ಹೊರಡುವ ದಿನ ಮಧುಶ್ರೀ ಕೋಣೆಯ ಹಿಂದಿನ ಬಾವಿಯಿಂದ ನೀರು ಸೇದಿ ಅಮ್ಮನ ತಲೆಗೆ ಹಾಕಿದಳು. ಉಪ್ಪಿಗೆ ಜಡೆಗಟ್ಟಿದ್ದ ಕೂದಲನ್ನು ಬೆರಳಿಂದ ಎಳೆ ಎಳೆಯಾಗಿ ಬಿಡಿಸಿದಳು.

“ಸಾಕು ಬುಡು, ಬಸ್ಸಿಗೆ ಹೊತ್ತಾಯ್ತದೆ.”

“ಇನ್ನೊಂದು ಚೆಂಬು ಅಮ್ಮ.”

ಬಸ್ಸು ತಪ್ಪಿತು. ಬರಗೂರಿನಲ್ಲಿ ಹೋಟೆಲ್ ಮೂರನೇ ದಿನವೂ ತೆರೆಯಲಿಲ್ಲ.