ಅಳೆಯುವ ಮೀಟರನ್ನೇ ಅಳೆಯುವ ಮೀಟರಕ್ಕ

ಬೆಳಗಿನ ಜಾವ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿಕೊಳ್ಳುತ್ತದೆ. ಐವತ್ತೊಂದು ವರ್ಷದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡು, ಮೇಜಿನ ಮುಂದೆ ಕೂತು ತಗಡಿನ ಡಬ್ಬಿಯೊಂದನ್ನು ತೆರೆಯುತ್ತಾರೆ. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ, ಕರೆಂಟನ್ನು ಇಂತಿಷ್ಟೇ ಎಂದು ತಡೆಯುವ ಐದು ರೆಸಿಸ್ಟರ್‌ಗಳು. ಒಂದೊಂದರ ಅಳತೆಯೂ ಅವರಿಗೆ ಬಾಯಿಪಾಠ. ಮೂಲೆ ಚಕ್ಕೆ ಎದ್ದ ಹಳೆಯ ಮೀಟರಿಗೆ ಅವನ್ನು ಒಂದೊಂದಾಗಿ ಸಿಕ್ಕಿಸಿ, ಪರದೆಯ ಅಂಕಿಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಾರೆ.

"ಮೊದಲು ಇದನ್ನ ಕೇಳ್ಬೇಕು, ಇವತ್ತು ನಿಜ ಹೇಳ್ತೀಯಾ ಅಂತ. ಬೇರೆ ಯಂತ್ರಗಳ ತಪ್ಪು ಹುಡುಕೋದು ಆಮೇಲೆ" ಎನ್ನುತ್ತಾರೆ.

ಇಡೀ ಆಸ್ಪತ್ರೆಗೆ ಅವರು ಮೀಟರಕ್ಕ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರು ಹಿಡಿದು ವಿಚಾರಿಸಿದರೆ ಗೇಟಿನ ಕಾವಲುಗಾರನೇ ಅಂಥವರು ಇಲ್ಲಿಲ್ಲ ಎಂದು ಕೈಯಾಡಿಸಿಬಿಡುತ್ತಾನೆ. ಇಪ್ಪತ್ತಮೂರು ವರ್ಷದಿಂದ ಅವರದು ಒಂದೇ ಕೆಲಸ. ನರ್ಸ್‌ಗಳ ಪಾಳಿ ಬದಲಾಗುವ ಮುಂಚೆ ಎಳೆಮಕ್ಕಳ ವಾರ್ಡಿಗೆ ಹೋಗಿ, ಖಾಲಿಯಿರುವ ಯಂತ್ರಗಳ ಮೈಗೆ ಕರೆಂಟು ಸೋರುತ್ತಿದೆಯೇ ಎಂದು ನೋಡುವುದು. ಆರು ಇನ್‌ಕ್ಯುಬೇಟರ್, ಮಕ್ಕಳ ಮೈ ಬೆಚ್ಚಗಿಡುವ ಹನ್ನೊಂದು ವಾರ್ಮರ್, ಮೂವತ್ತನಾಲ್ಕು ಔಷಧಿ ಪಂಪು. ದಿನಕ್ಕೆ ಒಂಬತ್ತೋ ಹತ್ತೋ ಮುಗಿಯುತ್ತವೆ. ಪಟ್ಟಿ ಮಾತ್ರ ಮುಗಿಯುವುದಿಲ್ಲ.

"ನಮಗಾದ್ರೆ ಜುಮ್ ಅನ್ನತ್ತೆ, ಕೈ ಎಳ್ಕೋತೀವಿ. ಒಂದು ಕಿಲೋ ಮಗು ಎಲ್ಲಿಗೆ ಕೈ ಎಳ್ಕೊಳ್ಳತ್ತೆ?"

ಮೀಟರಕ್ಕನ ಗಂಡ ಸಿಟಿ ಬಸ್ ಡ್ರೈವರ್. ಹೆಂಡತಿಯ ಅನುಮಾನದ ಬುದ್ಧಿಯನ್ನು ಆಡಿಕೊಳ್ಳದೆ ಅವರಿಗೆ ಕಾಫಿ ಇಳಿಯುವುದಿಲ್ಲ. "ಬೀಗ ಹಾಕಿ ಮೂರು ಸಲ ಎಳೆದು ನೋಡ್ತಾಳೆ. ಸಾರಿಗೆ ಉಪ್ಪು ಹಾಕಿದೀನಿ ಕಣೇ ಅಂದ್ರೂ ನಂಬಲ್ಲ. ಅಂಥವಳು ನನ್ನನ್ನ ಅದು ಹೇಗೆ ಪಾಸ್ ಮಾಡಿದಳೋ!" ಮೀಟರಕ್ಕ ನಗುತ್ತಾರೆ. ಆದರೆ ನಗು ಬೇಗ ಮಾಯವಾಗುತ್ತದೆ.

ಆ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆ ಒಂದು ಸೆಕೆಂಡ್ ಹ್ಯಾಂಡ್ ಮೀಟರ್ ತರಿಸಿತ್ತು. ಮೇಲೆ ಹೊಸದಾಗಿ ಅಂಟಿಸಿದ ಪರೀಕ್ಷೆಯ ಚೀಟಿ ಇತ್ತು. ಮೀಟರಕ್ಕ ಆ ಚೀಟಿಯನ್ನು ನಂಬಿದರು. ಮೀಟರ್ ಎಲ್ಲವನ್ನೂ ಅರ್ಧಕ್ಕರ್ಧ ಕಡಿಮೆ ತೋರಿಸುತ್ತಿತ್ತು. ಒಂದು ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ವಾರ್ಮರ್ ಒರೆಸುತ್ತಿದ್ದ ನರ್ಸ್ ಶಾಕ್ ಹೊಡೆದು ಗೋಡೆಗೆ ಬಿದ್ದಳು, ಮೊಣಕೈ ಮುರಿಯಿತು. ಪುಣ್ಯಕ್ಕೆ ವಾರ್ಮರ್ ಖಾಲಿ ಇತ್ತು.

"ಸರಿಯಿದೆ ಅಂತ ಸಹಿ ಹಾಕಿದ್ದು ನಾನೇ. ಅವಳು ನನ್ನನ್ನ ಒಂದು ಮಾತೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು."

ಆಮೇಲೆ ಬಂದ ಹೊಸ ಮೀಟರ್ ಹತ್ತು ವರ್ಷ ದುಡಿಯಿತು. ಹೋದ ವರ್ಷ ಟ್ರಾಲಿಯಿಂದ ಜಾರಿ ಬಿದ್ದು ಬಾಯಿ ಮುಚ್ಚಿಕೊಂಡಿತು. ಇನ್‌ಕ್ಯುಬೇಟರ್‌ಗಳ ಪರೀಕ್ಷೆಯ ಗಡುವಿಗೆ ಉಳಿದಿದ್ದು ಹನ್ನೆರಡೇ ದಿನ. ಗಡುವು ದಾಟಿದರೆ ಆರನ್ನೂ ನಿಲ್ಲಿಸಬೇಕು, ಮಕ್ಕಳನ್ನು ಎರಡು ಗಂಟೆ ದೂರದ ಆಸ್ಪತ್ರೆಗೆ ಸಾಗಿಸಬೇಕು. ಹೊಸ ಮೀಟರ್ ಬರಲು ಹತ್ತು ವಾರ. ಅಕ್ಕಪಕ್ಕದ ಆಸ್ಪತ್ರೆಗಳು ತಮ್ಮದನ್ನು ಒಂದು ದಿನಕ್ಕೂ ಬಿಟ್ಟುಕೊಡಲು ಒಪ್ಪಲಿಲ್ಲ. ದೊಡ್ಡ ಡಾಕ್ಟರು ಕರೆಸಿ ಹೇಳಿದರು: "ಹೊಸದಕ್ಕೆ ಇವತ್ತೇ ಆರ್ಡರ್ ಹಾಕ್ತೀನಿ. ಅಲ್ಲಿವರೆಗೂ ಒಂದು ಹಳೇದು ನೋಡಿ, ಮೀಟರಕ್ಕ."

ಹಳೇದು ಎಂಬ ಮಾತು ಕೇಳಿದ್ದೇ ಅವರಿಗೆ ಆ ನರ್ಸಿನ ಮೊಣಕೈ ನೆನಪಾಯಿತು.

ಮರುದಿನ ರೆಸಿಸ್ಟರ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹಳೆಯ ಉಪಕರಣಗಳ ಅಂಗಡಿಗೆ ಹೋದರು. ಸೂರು ಮುಟ್ಟುವಂತೆ ಪೇರಿಸಿಟ್ಟ ಯಂತ್ರಗಳ ನಡುವಿನಿಂದ ಅಂಗಡಿಯವರು ಮೂರು ಮೀಟರ್ ತೆಗೆದು ಮುಂದಿಟ್ಟರು. ಮೊದಲನೆಯದು ಥಳಥಳ ಹೊಳೆಯುತ್ತಿತ್ತು. ಮೀಟರಕ್ಕ ಅದರ ಮೇಲಿನ ಪರೀಕ್ಷೆಯ ಚೀಟಿಯ ಕಡೆ ನೋಡಲಿಲ್ಲ, ಹಿಂಬದಿಯ ತಿರುಪುಗಳನ್ನು ನೋಡಿದರು. ತಲೆ ಸವೆದಿತ್ತು, ಯಾರೋ ಬಿಚ್ಚಿ ಮುಚ್ಚಿದ್ದಾರೆ. ಮೂರನ್ನೂ ಕರೆಂಟಿಗೆ ಸಿಕ್ಕಿಸಿ, ಒಂದೊಂದಕ್ಕೂ ಒಂದು ರೆಸಿಸ್ಟರ್ ಹಚ್ಚಿ, ಸ್ಟೂಲ್ ಎಳೆದುಕೊಂಡು ಕೂತರು.

ಕಾಲು ಗಂಟೆ ಕಳೆಯುವಷ್ಟರಲ್ಲಿ ಅಂಗಡಿಯವರು ಚಡಪಡಿಸತೊಡಗಿದರು. "ಅಮ್ಮ, ಎಲ್ಲರೂ ಐದು ನಿಮಿಷ ನೋಡಿ ತಗೊಂಡು ಹೋಗ್ತಾರೆ. ನೀವೇನು ಹೆಣ್ಣು ನೋಡೋಕೆ ಬಂದವರ ಥರ ಕೂತುಬಿಟ್ರಿ!"

"ಅವರು ಯಾವುದಕ್ಕೆ ಬಳಸ್ತಾರೋ ನನಗೆ ಗೊತ್ತಿಲ್ಲ. ನಾನು ಯಾವುದಕ್ಕೆ ಬಳಸ್ತೀನಿ ಅಂತ ಗೊತ್ತು. ಒಂದು ಗಂಟೆ ಕೂರ್ತೀನಿ."

ನಲವತ್ತನೇ ನಿಮಿಷಕ್ಕೆ, ಮೈ ಬಿಸಿಯಾಗುತ್ತಿದ್ದಂತೆ, ಹೊಳೆಯುವ ಮೀಟರಿನ ಅಂಕಿ ಮೆಲ್ಲಗೆ ಕೆಳಗೆ ಜಾರಿತು. ಎರಡನೆಯದು ಗುಂಡಿ ತಿರುಗಿಸಿದಾಗಲೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿತು. ಮೂರನೆಯದರ ಮೂಲೆ ಒಡೆದಿತ್ತು, ಬಣ್ಣ ಮಾಸಿತ್ತು. ಆದರೆ ಗಂಟೆ ಕಳೆದರೂ ಅಂಕಿ ಮಿಸುಕಲಿಲ್ಲ. ಮುಚ್ಚಿದ ಕಾರ್ಖಾನೆಯೊಂದರಿಂದ ಬಂದದ್ದಂತೆ, ಜೊತೆಗೆ ವರ್ಷವರ್ಷದ ಪರೀಕ್ಷೆಯ ಕಾಗದಗಳಿದ್ದವು. ಮೀಟರುಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಒಪ್ಪದಿದ್ದರೆ ವಾಪಸ್ ಎಂದು ಬರೆಸಿಕೊಂಡೇ ಅದನ್ನು ತಂದರು. ನಾಲ್ಕು ದಿನಕ್ಕೆ ಪ್ರಯೋಗಾಲಯ ಒಪ್ಪಿತು. ಮೀಟರಕ್ಕನ ಮನಸ್ಸು ಒಪ್ಪಲಿಲ್ಲ.

ಅದು ಕೆಲಸಕ್ಕೆ ಇಳಿದ ಮೂರನೇ ದಿನ. ನಾಲ್ಕನೇ ಇನ್‌ಕ್ಯುಬೇಟರ್ ತೊಳೆದು ಖಾಲಿ ಇಟ್ಟಿದ್ದರು. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಮೀಟರ್ ಹಚ್ಚಿದರೆ ಸೋರಿಕೆ ಇಪ್ಪತ್ತೆರಡು ಮೈಕ್ರೋಆಂಪ್ ಎಂದಿತು. ನೂರರ ಒಳಗಿದ್ದರೆ ಸರಿ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರ ಎಂಬತ್ತು. ಮತ್ತೆ ಇಪ್ಪತ್ತೆರಡು. ಅದೇ ಹೊತ್ತಿಗೆ ವಾರ್ಡಿನ ಹಿರಿಯ ನರ್ಸ್ ಓಡಿಬಂದರು. ಹೆರಿಗೆ ಕೋಣೆಯಿಂದ ಫೋನ್ ಬಂದಿದೆ, ಏಳು ತಿಂಗಳ ಮಗು, ಒಂದು ಕಿಲೋ ಇನ್ನೂರು ಗ್ರಾಂ. ಉಳಿದ ಐದೂ ಭರ್ತಿ.

"ನಾಲ್ಕನೇದು ಕೊಡ್ತೀರಲ್ಲ, ಅಕ್ಕ?"

"ಅಂಕಿ ಕುಣೀತಿದೆ, ಸಿಸ್ಟರ್."

"ಕುಣಿಯೋದು ನಿಮ್ಮ ಮೀಟರ್ ಇರ್ಬೇಕು. ಹಳೇ ಮಾಲು ತಾನೇ?"

ಮೀಟರಕ್ಕನಿಗೂ ಹಾಗೇ ಅನ್ನಿಸಿತ್ತು. ಹಾಗೇ ಇರಲಿ ಎಂದು ಮನಸ್ಸು ಹಾತೊರೆಯುತ್ತಲೂ ಇತ್ತು. ಡಬ್ಬಿ ತೆರೆದು ರೆಸಿಸ್ಟರ್ ಸಿಕ್ಕಿಸಿದರು. ಒಂದು ನಿಮಿಷ, ಎರಡು ನಿಮಿಷ. ಅಂಕಿ ಕಲ್ಲಿನ ಹಾಗೆ ನಿಂತಿತು. ಮತ್ತೆ ಇನ್‌ಕ್ಯುಬೇಟರಿಗೆ ಹಚ್ಚಿದರು. ಕುಣಿಯಿತು.

"ಕೊಡಲ್ಲ" ಎಂದರು.

ಹಿರಿಯ ನರ್ಸ್ ಮುಖ ಗಂಟಿಕ್ಕಿಕೊಂಡು ಹೋದರು. ಮಗುವನ್ನು ತೆರೆದ ವಾರ್ಮರಿನಲ್ಲಿ ಮಲಗಿಸಿದರು. ಅಷ್ಟು ಸಣ್ಣ ಮೈಯಲ್ಲಿ ಶಾಖ ನಿಲ್ಲುತ್ತಿರಲಿಲ್ಲ. "ಮೂವತ್ತಾರು... ಮೂವತ್ತೈದೂವರೆ" ಎಂದು ನರ್ಸ್ ಕೂಗಿ ಹೇಳುವುದು ಮೀಟರಕ್ಕನ ಬೆನ್ನಿಗೆ ಚುಚ್ಚುತ್ತಿತ್ತು. ಪ್ಲಗ್ ಬಿಚ್ಚಿದರು, ಏನಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದರು, ಏನಿಲ್ಲ. ತಾನು ತಪ್ಪಿದ್ದರೆ? ಕೊನೆಗೆ ನೆಲದ ಮೇಲೆ ಕೂತು, ವೈರನ್ನು ಎರಡು ಬೆರಳ ನಡುವೆ ಇಂಚಿಂಚಾಗಿ ಎಳೆಯುತ್ತ ಬಂದರು. ಚಕ್ರದ ಹತ್ತಿರ ಒಂದು ಕಡೆ ವೈರ್ ಬೆರಳಿಗೆ ಮೆತ್ತಗೆ ಸಿಕ್ಕಿತು. ಸೀಳಿ ನೋಡಿದರೆ ಒಳಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ತುಂಡಾಗಿತ್ತು. ತುದಿಗಳು ಒಮ್ಮೆ ತಾಗುತ್ತಿದ್ದವು, ಒಮ್ಮೆ ಬಿಡುತ್ತಿದ್ದವು.

ತುಂಡು ತಂತಿಯನ್ನು ನೋಡಿದ ಹಿರಿಯ ನರ್ಸ್ ಮೀಟರಕ್ಕನ ಹೆಗಲ ಮೇಲೆ ಕೈಯಿಟ್ಟರು. ಹೊಸ ವೈರ್ ಹಾಕಿ, ಜಗ್ಗಿ, ಅಲ್ಲಾಡಿಸಿ ಅಳೆದಾಗ ಇಪ್ಪತ್ತೊಂದು ಎಂಬ ಅಂಕಿ ಅಲುಗಲಿಲ್ಲ. ಇನ್‌ಕ್ಯುಬೇಟರ್ ಬಿಸಿಯಾಗಿ, ಎಂಟು ಗಂಟೆಯ ಹೊತ್ತಿಗೆ ಮಗು ಒಳಗೆ ಹೋಯಿತು. ಮೀಟರಕ್ಕ ಕೆಳಗಿಳಿದು, ಕೋಣೆಯ ಬಾಗಿಲು ಹಾಕಿಕೊಂಡು ಅತ್ತರು.

ಆರೂ ಇನ್‌ಕ್ಯುಬೇಟರುಗಳ ಪರೀಕ್ಷೆ ಗಡುವಿನೊಳಗೆ ಮುಗಿಯಿತು. ಹೊಸ ಮೀಟರ್ ಹನ್ನೊಂದು ವಾರಕ್ಕೆ ಬಂತು. ಅದರ ಮುಂದೆಯೂ ಒಂದು ಗಂಟೆ ಕೂತರು. ಹಳೆಯದನ್ನು ಗುಜರಿಗೆ ಹಾಕಲು ಉಗ್ರಾಣದವರು ಬಂದಾಗ ಮೀಟರಕ್ಕ ಬಾಗಿಲಿಗೆ ಅಡ್ಡ ನಿಂತರು. ಈಗ ಎರಡೂ ಮೇಜಿನ ಮೇಲಿವೆ. "ಹೊಸದು ಅಂತ ನಂಬೋಕಾಗಲ್ಲ, ಹಳೇದು ಅಂತ ಬಿಸಾಕೋಕೂ ಆಗಲ್ಲ. ಎರಡೂ ಒಂದೇ ಮಾತು ಹೇಳಿದ್ರೆ ಸ್ವಲ್ಪ ಉಸಿರಾಡ್ತೀನಿ. ಸ್ವಲ್ಪವೇ."

ಆ ಮಗು ಏನಾಯಿತು ಎಂದು ಕೇಳಿದರೆ ಅವರ ಮುಖ ಮೊದಲ ಬಾರಿಗೆ ಸಡಿಲವಾಗುತ್ತದೆ.

"ಹೆಸರು ಏನಿಟ್ರೋ ಗೊತ್ತಿಲ್ಲ. ಮನೆಗೆ ಹೋಗೋ ದಿನ ಎರಡು ಕಿಲೋ ನಲವತ್ತು ಗ್ರಾಂ ಇತ್ತು." ಆಮೇಲೆ ಸೇರಿಸುತ್ತಾರೆ: "ಅದು ಸರಿಯಾದ ತೂಕ. ಆ ತಕ್ಕಡಿ ನಾನೇ ಪರೀಕ್ಷೆ ಮಾಡಿ ನೋಡಿದ್ದು."